ಬಿಳಿಯರೆಲ್ಲ ಇಂಗ್ಲಿಷರಲ್ಲ

ಹಂಪಿಯಲ್ಲಿ ಪರದೇಶದವರು ಕಂಡರೆ ನಮ್ಮ ಹುಡುಗರು "ಹಲೋ, ವಾಟ್ ಈಸ್ ಯುವರ್ ನೇಮ್" ಅಂತ ಹಿಂದೆ ಓಡ್ತಾರೆ. ಅವರು ಸುಮ್ಮನೆ ನಕ್ಕು ಮುಂದೆ ಹೋದರೆ "ಎಷ್ಟು ಜಂಬ ನೋಡು" ಅಂತಾರೆ. ಅದು ಜಂಬವೇ ಆಗಿರಬೇಕೆಂದಿಲ್ಲ, ಇಂಗ್ಲಿಷ್ ಸರಿಯಾಗಿ ಬಾರದೆಯೂ ಇರಬಹುದು. ಇದನ್ನು ತಿಳಿಸಲೆಂದೇ ನಾನು ಈ ಲೇಖನ ಬರೆದಿದ್ದೇನೆ.

ಜರ್ಮನಿಯವರ ಮಾತು ಜರ್ಮನ್, ಇಟಲಿಯವರದು ಇಟಾಲಿಯನ್, ಫ್ರಾನ್ಸಿನವರದು ಫ್ರೆಂಚ್. ಇಸ್ರೇಲಿನಲ್ಲಿ ಹೀಬ್ರೂ. ಸ್ವಿಟ್ಜರ್‌ಲ್ಯಾಂಡ್ ನಮ್ಮ ಕರ್ನಾಟಕದ ಕಾಲು ಭಾಗದಷ್ಟೂ ಇಲ್ಲ. ಆದರೂ ಅಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ 4 ರಾಷ್ಟ್ರಭಾಷೆಗಳಿವೆ. ಇವರಲ್ಲಿ ಎಷ್ಟೋ ಜನ ಇಂಗ್ಲಿಷನ್ನು ನಮ್ಮ ಹಾಗೇ ಶಾಲೆಯಲ್ಲಿ ಕಲಿತವರು!

ಹಿಂದಿನ ಕಾಲದ ಪ್ರವಾಸಿಗಳನ್ನೇ ನೋಡಿ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕ್ ಬರೆದದ್ದು ಪಾರ್ಸಿಯಲ್ಲಿ. ಕೃಷ್ಣದೇವರಾಯನ ಕಾಲದಲ್ಲಿ ಬಂದ ಡೊಮಿಂಗೊ ಪಾಯಸ್ ಬರೆದದ್ದು ಪೋರ್ಚುಗೀಸಿನಲ್ಲಿ.

ಬರುವವರಲ್ಲೂ ಕೆಲವರು ನಮ್ಮ ಬಗ್ಗೆ ಹೀಗೇ ತಪ್ಪು ತಿಳಿದಿರ್ತಾರೆ. ಭಾರತದವರೆಲ್ಲ ಹಿಂದಿ ಆಡ್ತಾರೆ ಅಂದ್ಕೊಂಡಿರ್ತಾರೆ. ನಮ್ಮ ಸಂವಿಧಾನದ 8ನೇ ಅನುಸೂಚಿಯಲ್ಲಿ 22 ಭಾಷೆಗಳಿವೆ, ಅವುಗಳಲ್ಲಿ ಕನ್ನಡವೂ ಒಂದು ಅಂತ ಅವರಿಗೆ ಹೇಳುವವರು ಯಾರು? ನಾವೇ ತಾನೇ!

ಆದ್ದರಿಂದ ಮೊದಲು ಕೈಮುಗಿದು "ನಮಸ್ಕಾರ" ಅನ್ನೋಣ. ನೀರಿನ ಚೆಂಬು ತೋರಿಸಿ "ನೀರು" ಅನ್ನೋಣ, ಅವರು ಅದಕ್ಕೆ ಏನಂತಾರೋ ಕೇಳೋಣ. ಇದಕ್ಕೆ ಕೈಸನ್ನೆ ಸಾಕು. "ದೇಶ ಸುತ್ತು, ಕೋಶ ಓದು" ಅಂತಾರೆ ಹಿರಿಯರು. ಸುತ್ತೋಕೆ ದುಡ್ಡಿಲ್ಲದ ನಮ್ಮ ಬಾಗಿಲಿಗೆ ದೇಶಗಳೇ ಬರುತ್ತಿರುವಾಗ, ಹೆಸರು ಕೇಳಿ ಓಡಿಹೋದರೆ ನಷ್ಟ ಯಾರಿಗೆ?