ಉಮ್ಮನ ಬೀಡಿ ಕಾರ್ಡು, ಮಗಳ ಕಾಲೇಜು ಫೀಸು

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಜಮಾಅತ್ ಕಚೇರಿಗಳಲ್ಲಿ, ಸಮುದಾಯದ ಸಂಘ ಸಂಸ್ಥೆಗಳ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವ ತಾಯಂದಿರು ಹೆಚ್ಚಾಗುತ್ತಾರೆ. “ಮಗಳಿಗೆ ಒಳ್ಳೆ ಮಾರ್ಕ್ ಉಂಟು, ಫೀಸಿಗೆ ಏನಾದರೂ ದಾರಿ ಉಂಟಾ?” ಎಂಬುದೇ ಎಲ್ಲರ ಪ್ರಶ್ನೆ. ದಾನಿಗಳು ಕೈಲಾದಷ್ಟು ಕೊಡುತ್ತಾರೆ, ಅಲ್ಲಾಹು ಅವರಿಗೆ ಪ್ರತಿಫಲ ನೀಡಲಿ. ಆದರೆ ಹಾಗೆ ಬಂದು ನಿಲ್ಲುವವರಲ್ಲಿ ಅನೇಕರು ಹತ್ತು, ಹದಿನೈದು ವರ್ಷಗಳಿಂದ ಬೀಡಿ ಕಟ್ಟುತ್ತಿರುವವರು. ಫೀಸಿನ ಒಂದು ಭಾಗ ದಾನವಾಗಿ ಅಲ್ಲ, ಹಕ್ಕಾಗಿಯೇ ಬರಬೇಕಾದ ಮನೆ ಅವರದು. ಅದನ್ನು ಅವರಿಗೆ ಯಾರೂ ಹೇಳಿರುವುದಿಲ್ಲ.

ಕರಾವಳಿಯ ಬ್ಯಾರಿ ಮನೆಗಳಲ್ಲಿ ಬೀಡಿಯ ಋಣ ಇಲ್ಲದ ಮನೆ ಕಡಿಮೆ. ಮಕ್ಕಳ ಪುಸ್ತಕ, ಯೂನಿಫಾರ್ಮ್, ಹೆಣ್ಣುಮಕ್ಕಳ ಮದುವೆ, ಮನೆಯ ಹಂಚು ಎಲ್ಲವೂ ಉಮ್ಮನ ಮಡಿಲ ಮೊರದಿಂದಲೇ ಬಂದದ್ದು. ಆದರೂ ವಿದ್ಯಾರ್ಥಿವೇತನ ಎಂದ ಕೂಡಲೇ ನಮಗೆ ನೆನಪಾಗುವುದು ‘ಅಲ್ಪಸಂಖ್ಯಾತರ ಸ್ಕಾಲರ್‌ಶಿಪ್’ ಮಾತ್ರ. ಅಲ್ಲಿ ಪರಿಸ್ಥಿತಿ ಮೊದಲಿನ ಹಾಗಿಲ್ಲ. 2022-23ರಿಂದ ಕೇಂದ್ರ ಸರ್ಕಾರ 1ರಿಂದ 8ನೇ ತರಗತಿಯ ಮಕ್ಕಳಿಗೆ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನ ನಿಲ್ಲಿಸಿತು. ಅದೇ ಸಮಯದಲ್ಲಿ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪ್ ಕೂಡ ನಿಂತಿತು. ಒಂದು ಬಾಗಿಲು ಕಿರಿದಾಗುವಾಗ ಪಕ್ಕದ ಬಾಗಿಲನ್ನು ನೋಡಬೇಡವೇ? ನಾವು ಅಲ್ಪಸಂಖ್ಯಾತರು ಹೌದು, ಜೊತೆಗೆ ಕಾರ್ಮಿಕರ ಮಕ್ಕಳೂ ಹೌದು.

ಕಾರ್ಮಿಕಳ ಹೆಸರಿನಲ್ಲಿ ಏನು ಉಂಟು?

ಕೇಂದ್ರ ಕಾರ್ಮಿಕ ಸಚಿವಾಲಯ ಬೀಡಿ, ಸಿನಿಮಾ ಮತ್ತು ಕೆಲವು ಗಣಿ ಕಾರ್ಮಿಕರ ಮಕ್ಕಳಿಗೆಂದೇ ಶೈಕ್ಷಣಿಕ ನೆರವು ನೀಡುತ್ತದೆ. ವರ್ಷಕ್ಕೆ 1ರಿಂದ 4ನೇ ತರಗತಿಗೆ 1,000 ರೂ., 5ರಿಂದ 8ಕ್ಕೆ 1,500 ರೂ., 9 ಮತ್ತು 10ಕ್ಕೆ 2,000 ರೂ., ಪಿಯುಸಿಗೆ 3,000 ರೂ., ಐಟಿಐ, ಪಾಲಿಟೆಕ್ನಿಕ್ ಮತ್ತು ಪದವಿಗೆ 6,000 ರೂ. ಎಂಜಿನಿಯರಿಂಗ್, ಎಂಬಿಬಿಎಸ್, ಎಂಬಿಎಯಂತಹ ವೃತ್ತಿಪರ ಕೋರ್ಸ್‌ಗಳಿಗೆ 25,000 ರೂ.

ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಬೀಡಿ ಕಾರ್ಮಿಕರಾಗಿದ್ದರೆ ಸಾಕು. ಕನಿಷ್ಠ ಆರು ತಿಂಗಳ ಸೇವೆ ಆಗಿರಬೇಕು. ಕುಟುಂಬದ ಆದಾಯಕ್ಕೆ ಮಿತಿ ಉಂಟು, ಅದನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಬೇಕು. ಅರ್ಜಿ ಹಾಕುವುದು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್ ಅಂದರೆ ಎನ್‌ಎಸ್‌ಪಿಯಲ್ಲಿ. ಹಣ ನೇರ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಬರುತ್ತದೆ.

“25 ಸಾವಿರದಲ್ಲಿ ಎಂಜಿನಿಯರಿಂಗ್ ಮುಗೀತದಾ?” ಎಂದು ಕೇಳುವವರಿದ್ದಾರೆ. ಮುಗಿಯುವುದಿಲ್ಲ, ನಿಜ. ಆದರೆ ನಾಲ್ಕು ವರ್ಷಕ್ಕೆ ಅದು ಒಂದು ಲಕ್ಷ ರೂಪಾಯಿ. ಸರ್ಕಾರಿ ಸೀಟು ಸಿಕ್ಕಿಯೂ ಬಸ್ಸಿಗೆ, ಹಾಸ್ಟೆಲಿಗೆ ಹಣ ಸಾಲದೆ ಹಿಂದೆ ಸರಿಯುವ ಹೆಣ್ಣುಮಗಳಿಗೆ ಅದು ಸಣ್ಣ ಮೊತ್ತವಲ್ಲ.

ಉಮ್ಮನಿಗೆ ಪಿಎಫ್ ಇದ್ದರೆ ಇನ್ನೊಂದು ದಾರಿಯೂ ಉಂಟು. ಮಕ್ಕಳ ಮೆಟ್ರಿಕ್ ನಂತರದ ಓದಿಗೆ ಪಿಎಫ್‌ನಿಂದ ಮುಂಗಡ ತೆಗೆಯಲು ನಿಯಮದಲ್ಲಿ ಅವಕಾಶವಿದೆ. ಆದರೆ ಅದು ಅವಳ ಮುಪ್ಪಿನ ಹಣ. ವಿದ್ಯಾರ್ಥಿವೇತನದ ದಾರಿಗಳೆಲ್ಲ ಮುಗಿದ ಮೇಲೆ ಮಾತ್ರ ಅದಕ್ಕೆ ಕೈ ಹಾಕುವುದು ಒಳ್ಳೆಯದು.

ಈ ಹಕ್ಕು ಬಂದ ದಾರಿ

ಇದು ಯಾರೋ ಕರುಣೆಯಿಂದ ಕೊಟ್ಟದ್ದಲ್ಲ. ಬೀಡಿ ಕಾರ್ಮಿಕರ ಕೆಲಸದ ಸ್ಥಿತಿಗತಿಗೆ ಕಾನೂನು ಬಂದದ್ದು 1966ರಲ್ಲಿ. ಅದನ್ನು ಕೇರಳದಲ್ಲಿ ಜಾರಿ ಮಾಡಲು ಹೊರಟಾಗ ಮಂಗಳೂರು ಮೂಲದ ದೊಡ್ಡ ಬೀಡಿ ಕಂಪನಿಗಳು 1968ರಲ್ಲಿ ಕಣ್ಣೂರಿನ ತಮ್ಮ ಘಟಕಗಳನ್ನೇ ಮುಚ್ಚಿದವು. ಕೆಲಸ ಕಳೆದುಕೊಂಡವರು ಸೇರಿ 1969ರಲ್ಲಿ ಕಟ್ಟಿದ ಸಹಕಾರಿ ಸಂಸ್ಥೆಯೇ ಕೇರಳ ದಿನೇಶ್ ಬೀಡಿ. ನಮ್ಮ ಕಡೆ ಕೆಲಸ ಮನೆಯ ಜಗಲಿಯಲ್ಲೇ ನಡೆಯಿತು. ಮನೆಯಲ್ಲಿ ಕೂತು ಕಟ್ಟುವವರು ‘ಕಾರ್ಮಿಕರೇ ಅಲ್ಲ’ ಎಂಬ ವಾದ ಬಹಳ ಕಾಲ ಇತ್ತು. 1966ರ ಕಾನೂನನ್ನು ಸುಪ್ರೀಂ ಕೋರ್ಟ್ 1974ರಲ್ಲಿ ಎತ್ತಿಹಿಡಿಯಿತು. 1985ರಲ್ಲಿ ಮನೆಯಲ್ಲಿ ಬೀಡಿ ಕಟ್ಟುವವರೂ ಪಿಎಫ್ ಹಕ್ಕುಳ್ಳ ಕಾರ್ಮಿಕರೇ ಎಂದು ಹೇಳಿತು.

ಇವುಗಳ ನಡುವೆ 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿ ಕಾಯ್ದೆ ಬಂತು. ಬೀಡಿಯ ಮೇಲೆ ಸೆಸ್ ಹಾಕಿ, ಆ ಹಣದಿಂದ ಡಿಸ್ಪೆನ್ಸರಿ, ಮನೆ, ಮಕ್ಕಳ ವಿದ್ಯಾರ್ಥಿವೇತನ ನಡೆಯಿತು. ಅಂದರೆ ನಮ್ಮ ಉಮ್ಮಂದಿರು ಕಟ್ಟಿದ ಬೀಡಿಯಿಂದಲೇ ಆ ನಿಧಿ ತುಂಬಿದ್ದು. 2017ರಲ್ಲಿ ಜಿಎಸ್‌ಟಿ ಬಂದಾಗ ಸೆಸ್ ರದ್ದಾಯಿತು. ಈಗ ಈ ಯೋಜನೆ ಸರ್ಕಾರದ ಬಜೆಟ್ ಹಣವನ್ನೇ ನಂಬಿದೆ. ಬಜೆಟ್ ನಂಬಿದ ಯೋಜನೆಗೆ ಅರ್ಜಿ ಹಾಕುವವರು ಕಡಿಮೆಯಾದರೆ ‘ಬೇಡಿಕೆ ಇಲ್ಲ’ ಎಂದು ಹೇಳುವುದು ಸುಲಭ. ಹಾಗಾಗಿ ಒಬ್ಬ ತಾಯಿ ಅರ್ಜಿ ಹಾಕಿದರೆ ಅದು ಅವಳ ಮಗಳೊಬ್ಬಳಿಗೆ ಮಾತ್ರ ಉಪಕಾರವಲ್ಲ.

ಕೊಂಡಿ ಎಲ್ಲಿ ಕಳಚುತ್ತದೆ?

ಅರ್ಜಿಗೆ ಮುಖ್ಯವಾಗಿ ಬೇಕಾದದ್ದು ತಾಯಿಯ ಬೀಡಿ ಗುರುತು ಚೀಟಿ. ತೊಂದರೆ ಶುರುವಾಗುವುದೇ ಅಲ್ಲಿ.

ಒಂದು, ಪುಸ್ತಕ ಬೇರೆಯವರ ಹೆಸರಲ್ಲಿರುವುದು. ಅತ್ತೆಯ ಹೆಸರಿನ ಪುಸ್ತಕದಲ್ಲಿ ಸೊಸೆ ಕಟ್ಟುವುದು, ಅಕ್ಕನ ಪುಸ್ತಕದಲ್ಲಿ ಮೂವರು ತಂಗಿಯಂದಿರು ಕಟ್ಟುವುದು ನಮ್ಮಲ್ಲಿ ಹೊಸತಲ್ಲ. “ಎಂತಕ್ಕೆ ಪುಸ್ತಕ, ಹಣ ಕೈಗೆ ಬಂದರೆ ಸಾಕಲ್ಲ” ಎಂದು ಪುಸ್ತಕವೇ ಇಲ್ಲದೆ ಕಂತ್ರಾಟುದಾರರಿಗೆ ಕಟ್ಟಿಕೊಡುವವರೂ ಇದ್ದಾರೆ. ವಾರದ ಮಜೂರಿಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ. ಮಗ ಪಿಯುಸಿ ಮುಗಿಸಿದಾಗ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ದುಡಿದ ಹೆಂಗಸು ಕಾಗದದಲ್ಲಿ ಕಾರ್ಮಿಕಳೇ ಅಲ್ಲ.

ಎರಡು, ಹೆಸರಿನ ಗೊಂದಲ. ಬೀಡಿ ಪುಸ್ತಕದಲ್ಲಿ ಐಸಮ್ಮ, ಆಧಾರ್‌ನಲ್ಲಿ ಆಯಿಶಾ, ಮಗಳ ಶಾಲಾ ದಾಖಲೆಯಲ್ಲಿ ಆಯಿಶಾ ಬಾನು. ನಮಗೆ ಮೂವರೂ ಒಬ್ಬರೇ, ಪೋರ್ಟಲ್‌ಗೆ ಮೂವರು ಬೇರೆ ಬೇರೆ. ಪಾತುಮ್ಮ ಎಲ್ಲೋ ಫಾತಿಮಾ ಆಗಿರುತ್ತಾರೆ, ಜನ್ಮದಿನಾಂಕವಂತೂ ಒಂದೊಂದರಲ್ಲಿ ಒಂದೊಂದು. ಇದನ್ನು ಕೊನೆಯ ದಿನದ ಮುಂಚಿನ ದಿನ ಸರಿ ಮಾಡಲಿಕ್ಕೆ ಆಗುವುದಿಲ್ಲ. ಮಗು ಎಂಟನೇ ತರಗತಿಯಲ್ಲಿರುವಾಗಲೇ ಸರಿ ಮಾಡಿಡಬೇಕು.

ಮೂರು, ಕಾಲೇಜಿನ ಪರಿಶೀಲನೆ. ಅರ್ಜಿ ಹಾಕಿ ‘ಸಬ್ಮಿಟ್’ ಒತ್ತಿದರೆ ಕೆಲಸ ಮುಗಿಯಲಿಲ್ಲ. ಕಾಲೇಜಿನವರು ತಮ್ಮ ಲಾಗಿನ್‌ನಲ್ಲಿ ಅದನ್ನು ದೃಢೀಕರಿಸಬೇಕು, ಆಮೇಲೆ ಅದು ಕಾರ್ಮಿಕ ಕಲ್ಯಾಣ ಕಚೇರಿಗೆ ಹೋಗುತ್ತದೆ. ಕಾಲೇಜಿನ ಹಂತದಲ್ಲೇ ಬಾಕಿ ಉಳಿದ ಅರ್ಜಿ ಮುಂದೆ ಹೋಗುವುದಿಲ್ಲ. ವಾರಕ್ಕೊಮ್ಮೆ ಆಫೀಸಿಗೆ ಹೋಗಿ ವಿಚಾರಿಸಲು ಮಕ್ಕಳು ಸಂಕೋಚ ಪಡಬಾರದು.

ನಾಲ್ಕು, ಬ್ಯಾಂಕ್ ಖಾತೆ. ಖಾತೆಗೆ ಆಧಾರ್ ಜೋಡಣೆಯಾಗಿರದಿದ್ದರೆ ಮಂಜೂರಾದ ಹಣವೂ ಬಾರದು.

ಎಂಟನೇ ತರಗತಿಯ ಒಂದು ಪರೀಕ್ಷೆ

ಕೋಚಿಂಗ್ ಎಂದರೆ ನೀಟ್ ಎಂದುಕೊಂಡಿದ್ದೇವೆ. ಬೀಡಿ ಮನೆಯ ಮಗುವಿಗೆ ಮೊದಲು ತಯಾರಿ ಬೇಕಾದ ಪರೀಕ್ಷೆ ಎಂಟನೇ ತರಗತಿಯಲ್ಲೇ ಬರುತ್ತದೆ. ಅದು ಎನ್‌ಎಂಎಂಎಸ್. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಮಾತ್ರ ಇದು. ಏಳನೇ ತರಗತಿಯಲ್ಲಿ ಶೇ.55 ಅಂಕ, ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗೆ ಇರಬೇಕು. ಆಯ್ಕೆಯಾದರೆ 9ರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂ. ಪಿಯುಸಿಯಲ್ಲೂ ಅದು ಮುಂದುವರಿಯಬೇಕಾದರೆ ಎಸೆಸೆಲ್ಸಿಯಲ್ಲಿ ಶೇ.60 ಬೇಕು. ಊಟ, ವಸತಿ ಉಚಿತವಾಗಿರುವ ಸರ್ಕಾರಿ ವಸತಿ ಶಾಲೆಯ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ.

ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಒಂದು ಬೌದ್ಧಿಕ ಸಾಮರ್ಥ್ಯದ್ದು, ಇನ್ನೊಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ್ದು. ತಲಾ 90 ಪ್ರಶ್ನೆ, 90 ನಿಮಿಷ. ಪಾಠದ ಪತ್ರಿಕೆಯನ್ನು ಶಾಲೆಯಲ್ಲಿ ಓದಿದ ಮಗು ಬರೆಯುತ್ತದೆ. ಸಂಖ್ಯಾ ಸರಣಿ, ಗುಂಪಿಗೆ ಸೇರದ ಪದ, ಕನ್ನಡಿ ಬಿಂಬದಂತಹ ಪ್ರಶ್ನೆಗಳಿಗೆ ಮಾತ್ರ ಅಭ್ಯಾಸ ಬೇಕು, ಅದೂ ಎರಡು ಮೂರು ತಿಂಗಳು ಸಾಕು.

ಇಲ್ಲಿ ಒಂದು ಲೆಕ್ಕ ಗಮನಿಸಿ. ಎನ್‌ಎಸ್‌ಪಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಒಂದು ವರ್ಷ ಒಂದೇ ವಿದ್ಯಾರ್ಥಿವೇತನ. 9ನೇ ತರಗತಿಯಲ್ಲಿ ಬೀಡಿ ನೆರವು 2,000 ರೂ., ಎನ್‌ಎಂಎಂಎಸ್ 12,000 ರೂ. ಹೈಸ್ಕೂಲ್, ಪಿಯುಸಿಯಲ್ಲಿ ಎನ್‌ಎಂಎಂಎಸ್ ಹಿಡಿದುಕೊಂಡು, ವೃತ್ತಿಪರ ಕೋರ್ಸ್‌ಗೆ ಹೋದಾಗ ಬೀಡಿ ನೆರವಿಗೆ ಬರುವುದು ಲಾಭ. ಎರಡಕ್ಕೂ ಅರ್ಜಿ ಹಾಕಿ ಎರಡನ್ನೂ ಕೆಡಿಸಿಕೊಳ್ಳಬೇಡಿ.

ಸಿಇಟಿ, ನೀಟ್: ಕೋಚಿಂಗ್‌ಗೆ ಹಣವಿಲ್ಲದವರಿಗೆ

ಕೋಚಿಂಗ್ ಸಹಿತ ಪಿಯುಸಿಗೆ ಲಕ್ಷಗಟ್ಟಲೆ ಕೇಳುವ ಊರು ನಮ್ಮದು. ಸಾಲ ಮಾಡಿ ಸೇರಿಸುವ ಮೊದಲು ಪರೀಕ್ಷೆಗಳ ಸ್ವರೂಪ ತಿಳಿದಿರಲಿ. ರಾಜ್ಯದ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಎಂಜಿನಿಯರಿಂಗ್ ರ್‍ಯಾಂಕ್‌ಗೆ ಸಿಇಟಿ ಅರ್ಧ, ಪಿಯುಸಿ ಅಂಕ ಅರ್ಧ. ಬೋರ್ಡ್ ಪರೀಕ್ಷೆ ಬಿಟ್ಟು ಬರೀ ಕೋಚಿಂಗ್ ಹಿಂದೆ ಓಡಿದರೆ ಅರ್ಧ ರ್‍ಯಾಂಕ್ ಕೈಬಿಟ್ಟ ಹಾಗೆ. ನೀಟ್‌ನ ಲೆಕ್ಕ ಬೇರೆ. 180 ಪ್ರಶ್ನೆ, ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ. ಕನ್ನಡದಲ್ಲೂ ಬರೆಯಬಹುದು. ಅದಕ್ಕೆ ಎನ್‌ಸಿಇಆರ್‌ಟಿ ಪುಸ್ತಕವೇ ಬುನಾದಿ.

ಕೇಂದ್ರ ಶಿಕ್ಷಣ ಸಚಿವಾಲಯ ಮತ್ತು ಐಐಟಿ ಕಾನ್ಪುರ ಸೇರಿ ನಡೆಸುವ ‘ಸಾಥಿ’ ಪೋರ್ಟಲ್‌ನಲ್ಲಿ ಜೆಇಇ, ನೀಟ್ ಪಾಠಗಳು, ಅಣಕು ಪರೀಕ್ಷೆಗಳು ಉಚಿತ. ಹಳೆಯ ಸಿಇಟಿ ಪ್ರಶ್ನೆಪತ್ರಿಕೆಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲೇ ಸಿಗುತ್ತವೆ. ಸಿಇಟಿ ಅರ್ಜಿ ತುಂಬುವಾಗ 2ಬಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಕೈಯಲ್ಲಿರಲಿ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ ಉಂಟು. ಶಾಲೆಯಿಂದ ಅದರ ಪ್ರಮಾಣಪತ್ರ ಮೊದಲೇ ತಂದಿಡಿ. ಸೀಟು ಸಿಕ್ಕ ಮೇಲೂ ಹಣ ಸಾಲದಿದ್ದರೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಶಿಕ್ಷಣ ಸಾಲವನ್ನು ವಿಚಾರಿಸಬಹುದು.

ಮಕ್ಕಳಿಗೆ ಕಡಿಮೆಯಾಗಿರುವುದು ಬುದ್ಧಿಯಲ್ಲ, ಸದ್ದಿಲ್ಲದ ಜಾಗ. ಒಂದೇ ಕೋಣೆಯಲ್ಲಿ ಟಿವಿ, ಬೀಡಿ ಮೊರ, ಚಿಕ್ಕ ಮಕ್ಕಳು ಎಲ್ಲ ಇರುವ ಮನೆಯಲ್ಲಿ ಎಂಬತ್ತು ನಿಮಿಷ ಕೂತು ಪ್ರಶ್ನೆಪತ್ರಿಕೆ ಬಿಡಿಸಲು ಎಲ್ಲಿ ಸಾಧ್ಯ? ಮದ್ರಸದ ಕೋಣೆಗಳನ್ನು ತರಗತಿ ಇಲ್ಲದ ಹೊತ್ತಿನಲ್ಲಿ, ಭಾನುವಾರ ಮಧ್ಯಾಹ್ನದ ಮೇಲೆ, ಓದುವ ಮಕ್ಕಳಿಗೆ ತೆರೆದಿಡಬಹುದು. ಊರಿನ ಒಬ್ಬ ಎಂಜಿನಿಯರ್, ಒಬ್ಬ ಬಿಎಡ್ ಮಾಡಿದ ಹುಡುಗಿ ವಾರಕ್ಕೆರಡು ಗಂಟೆ ಕೊಟ್ಟರೆ ಸಾಕು. ಇದಕ್ಕೆ ದೊಡ್ಡ ದಾನಿ ಬೇಡ, ಕೀಲಿಕೈ ಕೊಡುವ ಮನಸ್ಸಿನ ಆಡಳಿತ ಸಮಿತಿ ಬೇಕು.

ಉಪ್ಪ ಗಾರೆ ಕೆಲಸದವರಾದರೆ

ಗಾರೆ, ಸೆಂಟ್ರಿಂಗ್, ಟೈಲ್ಸ್, ಪೈಂಟಿಂಗ್, ವಯರಿಂಗ್ ಕೆಲಸ ಮಾಡುವವರು ರಾಜ್ಯದ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿರಬೇಕು. ಇಬ್ಬರು ಮಕ್ಕಳವರೆಗೆ ಶೈಕ್ಷಣಿಕ ನೆರವು ಸಿಗುತ್ತದೆ. 2023ರಲ್ಲಿ ಸರ್ಕಾರ ಈ ಮೊತ್ತವನ್ನು ಬಹಳಷ್ಟು ಕಡಿತ ಮಾಡಿದಾಗ ಕಾರ್ಮಿಕ ಸಂಘಗಳು ಬೀದಿಗಿಳಿದದ್ದು ನೆನಪಿರಬಹುದು. ಕಡಿತವಾದರೂ ನೆರವು ನೆರವೇ. ಆದರೆ ನವೀಕರಣ ತಪ್ಪಿದ ಕಾರ್ಡಿಗೆ ಏನೂ ಸಿಗುವುದಿಲ್ಲ.

ಒಂದು ಮಾತು ಖಡಾಖಂಡಿತ ಹೇಳಬೇಕು. ಮಾಡದ ಕೆಲಸಕ್ಕೆ ದಲ್ಲಾಳಿಯಿಂದ ಕಾರ್ಡ್ ಮಾಡಿಸಬೇಡಿ. ಅಂಥ ನಕಲಿ ಕಾರ್ಡುಗಳನ್ನು ಸರ್ಕಾರ ರದ್ದು ಮಾಡುತ್ತಿದೆ. ಅದಕ್ಕಿಂತ ಮೊದಲು, ಅದು ನಿಜವಾದ ಕಾರ್ಮಿಕನ ಮಕ್ಕಳ ಪಾಲು. ಆ ಹಣದಲ್ಲಿ ಬರ್ಕತ್ ಇರುವುದಿಲ್ಲ.

ಸಂಘದ ಕಚೇರಿಗೆ ಹೋಗಿ

ಎಐಟಿಯುಸಿ, ಸಿಐಟಿಯು, ಬಿಎಂಎಸ್‌ಗೆ ಸೇರಿದ ಬೀಡಿ ಸಂಘಗಳು ಕರಾವಳಿಯಲ್ಲಿವೆ. ನಮ್ಮ ಹೆಂಗಸರು ಸದಸ್ಯತ್ವದ ಚೀಟಿ ಮಾಡಿಸುತ್ತಾರೆ, ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ‘ಅದು ಪಾರ್ಟಿಯವರದ್ದು’ ಎಂಬ ಅಳುಕು ಒಂದು ಕಡೆ, ‘ಹೆಂಗಸರು ಅಲ್ಲಿಗೆ ಎಂತಕ್ಕೆ’ ಎಂಬ ಮಾತು ಇನ್ನೊಂದು ಕಡೆ. ಗುರುತು ಚೀಟಿ, ಪಿಎಫ್, ಹೆಸರು ತಿದ್ದುಪಡಿ ಇವೆಲ್ಲ ಅವರಿಗೆ ದಿನನಿತ್ಯದ ಕೆಲಸ. ಯಾವ ಪಕ್ಷಕ್ಕೆ ಓಟು ಹಾಕುತ್ತೀರಿ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಒಬ್ಬರೇ ಹೋಗಲು ಮುಜುಗರವಾದರೆ ಅಕ್ಕಪಕ್ಕದ ಮನೆಯ ನಾಲ್ವರು ಕೂಡಿ ಹೋಗಿ. ಸಂಘದವರೂ ಸಭೆಯಲ್ಲಿ ಮಜೂರಿಯ ಮಾತಿನ ಜೊತೆ ಮಕ್ಕಳ ಓದಿನ ಮಾತನ್ನೂ ಆಡಲಿ. ಅರ್ಜಿಯ ದಿನಾಂಕ ಬಂದ ಕೂಡಲೇ ಬೀಡಿ ಬ್ರಾಂಚ್‌ನ ಗೋಡೆಗೂ ಮಸೀದಿಯ ನೋಟಿಸ್ ಬೋರ್ಡಿಗೂ ಒಂದು ಚೀಟಿ ಅಂಟಿಸಿದರೆ ಊರಿಗೆಲ್ಲ ತಿಳಿಯುತ್ತದೆ.

ಈಗಲೇ ತೆಗೆದಿಡಬೇಕಾದ ದಾಖಲೆಗಳು

* ತಾಯಿ ಅಥವಾ ತಂದೆಯ ಬೀಡಿ ಕಾರ್ಮಿಕರ ಗುರುತು ಚೀಟಿ, ಬೀಡಿ ಪುಸ್ತಕ, ಪಿಎಫ್ ಸಂಖ್ಯೆ
* ಪೋಷಕರ ಮತ್ತು ವಿದ್ಯಾರ್ಥಿಯ ಆಧಾರ್ (ಹೆಸರು, ಜನ್ಮದಿನಾಂಕ ಎಲ್ಲ ಕಡೆ ಒಂದೇ ಇರಲಿ)
* ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ
* ಹಿಂದಿನ ತರಗತಿಯ ಅಂಕಪಟ್ಟಿ, ಈ ವರ್ಷದ ಫೀಸು ರಶೀದಿ
* ವಿದ್ಯಾರ್ಥಿಯ ಹೆಸರಿನಲ್ಲಿ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆ
* ಗ್ರಾಮೀಣ, ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರ (ಸಿಇಟಿಗೆ)