ಪಕ್ಕದ ಮನೆಯ ಹೀರೇ ಬೀಜ

ಪಕ್ಕದ ಮನೆಯಿಂದ ತಂದ ಹೀರೇ ಬೀಜ
ಒಮ್ಮೊಮ್ಮೆ ಬೇರೆಯದೇ ಕಾಯಿ ಬಿಡುವುದೇಕೆ?

ಬಾದಾಮಿಯ ಬನಶಂಕರಿಗೆ ಶಾಕಂಭರಿ ಎಂದೂ ಹೆಸರು.
ಜಾತ್ರೆಗೆ ಮುಂಚೆ ಪಲ್ಲೇದ ಹಬ್ಬ,
ದೇವಿಗೆ 108 ಬಗೆಯ ಕಾಯಿಪಲ್ಲೆ ನೈವೇದ್ಯ.
ಇಷ್ಟು ಬಗೆ ಉಳಿಯಬೇಕಾದರೆ
ಬೀಜ ಹಿತ್ತಲಿಂದ ಹಿತ್ತಲಿಗೆ ದಾಟುತ್ತಿರಬೇಕು.

ಬೀಜಕ್ಕೆ ಚವಳಿ, ಟೊಮೆಟೊ ಸುಲಭ.
ಹೆಚ್ಚಾಗಿ ತಮ್ಮ ಹೂವಿನ ಪರಾಗದಿಂದಲೇ ಕಾಯಿ ಕಟ್ಟುತ್ತವೆ.

ಹೀರೆ, ಸವತೆ ಹಾಗಲ್ಲ.
ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ.
ದುಂಬಿ ಬೇಲಿಯಾಚೆಯ ಇನ್ನೊಂದು ತಳಿಯ ಪರಾಗ ತಂದರೆ
ಬೀಜದಲ್ಲಿ ಬೆರಕೆ.

ಅದಕ್ಕೇ ಹೆಣ್ಣು ಮೊಗ್ಗಿಗೆ ಅರಳುವ ಮುನ್ನ
ತೆಳು ಬಟ್ಟೆ ಕಟ್ಟುತ್ತಾರೆ.
ಅರಳಿದಾಗ ಅದೇ ತಳಿಯ ಗಂಡು ಹೂ ತಾಗಿಸಿ,
ಮತ್ತೆ ಕಟ್ಟುತ್ತಾರೆ.

ಹೀರೆಯಾದರೆ ಆ ಕಾಯಿ ಬಳ್ಳಿಯಲ್ಲೇ ಒಣಗಬೇಕು.
ಅಲುಗಿಸಿದರೆ ಬೀಜ ಗಲಗಲ ಅನ್ನಬೇಕು.
ಹಸಿ ಬೀಜ ಡಬ್ಬಿಗೆ ಹಾಕುವುದೆಂದರೆ
ನೀರಾರದ ಇಳಕಲ್ ಸೀರೆ ಟ್ರಂಕಿಗಿಟ್ಟಂತೆ.
ಬೂಸ್ಟು ಖಂಡಿತ.

ಅಂಗಡಿಯ ಹೈಬ್ರಿಡ್ ಬೆಳೆಯ ಬೀಜ
ಹಂಚಿ ಉಪಯೋಗ ಕಡಿಮೆ.
ಮರುಬೆಳೆಯಲ್ಲಿ ಗುಣಗಳು ಚದುರುತ್ತವೆ.

ನೆಡಲು ತಂದ ದಾಸವಾಳದ ಟೊಂಗೆಗೆ ಈ ತಕರಾರಿಲ್ಲ.
ಅದು ತಾಯಿ ಗಿಡದ ತದ್ರೂಪ.
ಆದರೆ ಎಲೆಯ ಬುಡದಲ್ಲಿ
ಬಿಳಿ ಹಿಟ್ಟಿನಂಥ ತಿಗಣೆ ಕಂಡರೆ
ಆ ಟೊಂಗೆ ಬೇಡ.
ಕೀಟವೂ ಪುಕ್ಕಟೆ ಬರುತ್ತದೆ.