ಮುಳುಗಿದ ಹಡಗುಗಳು ಕಲಿಸಿದ ಪಾಠ

ಅದಿರು ತುಂಬಿಸಿಕೊಳ್ಳುತ್ತಿರುವ ಹಡಗಿನಲ್ಲಿ ತರಬೇತಿ ಪಡೆಯುತ್ತಿರುವ ಕೆಡೆಟ್‌ಗೆ ಚೀಫ್ ಆಫೀಸರ್ ಹೇಳಿಕೊಡುವ ಪರೀಕ್ಷೆಯೊಂದು ನೋಡುವವರಿಗೆ ಮಕ್ಕಳಾಟದಂತೆ ಕಾಣುತ್ತದೆ. ಅರ್ಧ ಲೀಟರೋ ಒಂದು ಲೀಟರೋ ಹಿಡಿಯುವ ಡಬ್ಬ. ಅದರಲ್ಲಿ ಅರ್ಧದಷ್ಟು ಅದಿರಿನ ಪುಡಿ. ಡಬ್ಬವನ್ನು ಒಂದು ಕೈಯಲ್ಲಿ ಹಿಡಿದು ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ಮೇಜಿನ ಮೇಲೆ ಕುಟ್ಟಬೇಕು. ಒಂದೆರಡು ಸೆಕೆಂಡಿಗೊಮ್ಮೆ, ಒಟ್ಟು 25 ಸಲ. ಆಮೇಲೆ ಬಗ್ಗಿ ಪುಡಿಯ ಮೇಲ್ಮೈ ನೋಡಬೇಕು. ನೀರು ಜಿನುಗಿದ್ದರೆ ಆ ಸರಕನ್ನು ಹಡಗಿಗೆ ಸುರಿಯುವ ಮೊದಲು ಪ್ರಯೋಗಾಲಯದಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕು. ಜಿನುಗದಿದ್ದರೂ ನಿಶ್ಚಿಂತೆಯಿಲ್ಲ. ಡಬ್ಬದಲ್ಲಿ ನೀರು ಕಾಣಲಿಲ್ಲವೆಂದ ಮಾತ್ರಕ್ಕೆ ಸರಕು ಸುರಕ್ಷಿತ ಎಂದು ಬರೆದುಕೊಡುವಂತಿಲ್ಲ.

ಈ ಡಬ್ಬದ ಪಾಠಕ್ಕೂ ನಮ್ಮ ಕರಾವಳಿಗೂ ನಂಟಿದೆ. 2009ರ ಜುಲೈನ ಮಳೆಗಾಲದಲ್ಲಿ ಮಂಗಳೂರಿನಿಂದ ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ಹೊರಟ ‘ಏಷ್ಯನ್ ಫಾರೆಸ್ಟ್’ ಎಂಬ ಹಡಗು ನಮ್ಮ ಕಡಲಲ್ಲೇ ವಾಲಿ ಮುಳುಗಿತು. ಅದರಲ್ಲಿದ್ದ 18 ಸಿಬ್ಬಂದಿಯನ್ನು ಕೋಸ್ಟ್ ಗಾರ್ಡ್ ಪಾರು ಮಾಡಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಒಡಿಶಾದ ಪಾರಾದೀಪ್ ಬಳಿ ಅದಿರು ಹೊತ್ತ ‘ಬ್ಲ್ಯಾಕ್ ರೋಸ್’ ಮಗುಚಿತು. ಎರಡೂ ಪ್ರಕರಣಗಳಲ್ಲಿ ಅನುಮಾನ ಹೋಗಿದ್ದು ಅದಿರಿನೊಳಗಿನ ತೇವದತ್ತ. ಬಯಲಲ್ಲಿ ರಾಶಿ ಹಾಕಿದ ಅದಿರಿನ ಪುಡಿ ಮಳೆನೀರು ಕುಡಿದಿರುತ್ತದೆ. ಹಡಗಿನ ಸರಕಿನ ಕೋಣೆಗೆ, ಅಂದರೆ ಹೋಲ್ಡ್‌ಗೆ ಸುರಿಯುವಾಗ ಗಟ್ಟಿಯಾಗಿಯೇ ಕಾಣುತ್ತದೆ. ಹಡಗು ಹೊರಟ ಮೇಲೆ ಇಂಜಿನ್ನಿನ ನಡುಕಕ್ಕೆ, ಅಲೆಗಳ ಹೊಯ್ದಾಟಕ್ಕೆ ಪುಡಿ ಒತ್ತಿಕೊಳ್ಳುತ್ತದೆ. ಕಣಗಳ ನಡುವಿನ ನೀರಿನ ಒತ್ತಡ ಏರುತ್ತಾ ಹೋಗಿ, ಒಂದು ಹಂತದಲ್ಲಿ ಇಡೀ ರಾಶಿ ದ್ರವವಾಗಿ ಹರಿಯತೊಡಗುತ್ತದೆ. ಹಡಗು ವಾಲಿದ ಕಡೆಗೆ ಸರಕೂ ಹರಿದು ಅಲ್ಲೇ ನಿಂತುಬಿಡುತ್ತದೆ. ಇಂಥ ಸರಕುಗಳ ಸಾಗಣೆಯ ಅಂತರರಾಷ್ಟ್ರೀಯ ನಿಯಮಾವಳಿ ಕಡ್ಡಾಯವಾಗಿದ್ದು 2011ರ ಜನವರಿ 1ರಂದು. ಕಬ್ಬಿಣದ ಅದಿರಿನ ಪುಡಿಗೆಂದೇ ಪ್ರತ್ಯೇಕ ನಿಯಮ ಅದಕ್ಕೆ ಸೇರಿದ್ದು ಅದರ ನಂತರ.

ವಾಣಿಜ್ಯ ಹಡಗಿನ ಕೆಡೆಟ್‌ಗಳು ಕಲಿಯುವ ಸುರಕ್ಷತೆಯ ಪಾಠಗಳನ್ನು ಕೆದಕುತ್ತಾ ಹೋದರೆ ಇಂಥ ದುರಂತಗಳು ಸಾಲಾಗಿ ಎದುರಾಗುತ್ತವೆ. ಆ ಪಾಠಗಳು ಬೆಳೆದು ಬಂದ ದಾರಿಗೆ ಒಂದು ಕ್ರಮವೂ ಇದೆ. ಮೊದಲು ಕಾನೂನಿನ ಕಣ್ಣು ಬಿದ್ದಿದ್ದು ಹಡಗಿನ ಮೇಲೆ. ಆಮೇಲೆ ಅದರಲ್ಲಿರುವ ಸಲಕರಣೆಗಳ ಮೇಲೆ, ಅದನ್ನು ನಡೆಸುವ ಮನುಷ್ಯನ ಮೇಲೆ, ಕೊನೆಗೆ ದಡದಲ್ಲಿ ಕುಳಿತ ಕಂಪನಿಯ ಮೇಲೆ. ಒಂದು ಮೆಟ್ಟಿಲು ಮಾತ್ರ ಇನ್ನೂ ಪೂರ್ತಿ ಏರಿಲ್ಲ. ಹಡಗಿನಲ್ಲಿರುವ ಅತಿ ಕಿರಿಯ ವ್ಯಕ್ತಿಗೆ ‘ನಿಲ್ಲಿಸಿ, ಇದು ಅಪಾಯ’ ಎನ್ನುವ ಧೈರ್ಯ ಕೊಡುವ ಮೆಟ್ಟಿಲು ಅದು.

ಹಡಗಿನ ಮೈಮೇಲಿನ ಗೆರೆ

19ನೇ ಶತಮಾನದ ಬ್ರಿಟನ್ನಿನಲ್ಲಿ ಹಳೆಯ ಹಡಗಿಗೆ ಮಿತಿಮೀರಿ ಸರಕು ಹೇರಿ, ಅದರ ಬೆಲೆಗಿಂತ ಹೆಚ್ಚು ವಿಮೆ ಮಾಡಿಸಿ ಕಡಲಿಗೆ ಬಿಡುವ ಮಾಲೀಕರಿದ್ದರು. ಹಡಗು ಮುಳುಗಿದರೆ ಸಾಯುವವರು ನಾವಿಕರು, ದುಡ್ಡು ಮಾಲೀಕನಿಗೆ. ಅಂಥವಕ್ಕೆ ಶವಪೆಟ್ಟಿಗೆ ಹಡಗುಗಳೆಂದೇ ಹೆಸರಿತ್ತು. ಕಲ್ಲಿದ್ದಲು ವ್ಯಾಪಾರಿಯಾಗಿದ್ದ ಸಂಸದ ಸ್ಯಾಮ್ಯುಯೆಲ್ ಪ್ಲಿಮ್‌ಸಾಲ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. 1876ರ ಕಾನೂನು, ಹಡಗು ಎಷ್ಟು ಮುಳುಗಬಹುದೆಂದು ತೋರಿಸುವ ಗುರುತನ್ನು ಅದರ ಮೈಮೇಲೆ ಹಾಕಲೇಬೇಕೆಂದಿತು. ಆದರೆ ಗುರುತು ಎಲ್ಲಿರಬೇಕೆಂಬುದನ್ನು ಮಾಲೀಕನಿಗೇ ಬಿಟ್ಟಿತು. ಆ ಸ್ವಾತಂತ್ರ್ಯವನ್ನು 1890ರ ಕಾನೂನು ಕಿತ್ತುಕೊಂಡಿತು. 1930ರಲ್ಲಿ ಈ ಗುರುತಿನ ನಿಯಮ ಅಂತರರಾಷ್ಟ್ರೀಯ ಒಪ್ಪಂದವಾಯಿತು.

ಇಂದಿಗೂ ಲೋಡಿಂಗ್ ಮುಗಿಯುವ ಹೊತ್ತಿಗೆ ಕೆಡೆಟ್ ಡ್ರಾಫ್ಟ್, ಅಂದರೆ ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಎಂಬ ಅಳತೆ, ಓದಲು ಹೋಗುತ್ತಾರೆ. ಮುಂದೆ, ನಡುವೆ, ಹಿಂದೆ, ಎರಡೂ ಬದಿಗಳಲ್ಲಿ ಒಟ್ಟು ಆರು ಕಡೆ. ಮೀಟರ್ ಲೆಕ್ಕದ ಅಂಕಿಗಳ ಎತ್ತರ ತಲಾ 10 ಸೆಂಟಿಮೀಟರ್. ಅಂಕಿಯ ಬುಡಕ್ಕೆ ನೀರು ತಾಗಿದೆಯೋ, ಅರ್ಧ ಮುಚ್ಚಿದೆಯೋ ಎಂಬುದರ ಮೇಲೆ ಲೆಕ್ಕ. ಅಲೆಯಿದ್ದರೆ ಅದರ ಏರು ಇಳಿತ ಎರಡನ್ನೂ ನೋಡಿ ಸರಾಸರಿ ತೆಗೆಯಬೇಕು. ದೊಡ್ಡ ಹಡಗಿನಲ್ಲಿ ಒಂದೆರಡು ಸೆಂಟಿಮೀಟರ್ ತಪ್ಪಿದರೂ ನೂರಾರು ಟನ್ ಸರಕಿನ ಲೆಕ್ಕ ಏರುಪೇರಾಗುತ್ತದೆ.

ದೋಣಿಗಳಿದ್ದರೆ ಸಾಲದು

1912ರ ಏಪ್ರಿಲ್‌ನಲ್ಲಿ ಮುಳುಗಿದ ಟೈಟಾನಿಕ್‌ನಲ್ಲಿ ಸುಮಾರು 2,200 ಜನರಿದ್ದರು. ಅದರ 20 ಲೈಫ್‌ಬೋಟ್‌ಗಳಲ್ಲಿ ಜಾಗವಿದ್ದಿದ್ದು 1,178 ಜನರಿಗೆ. ಇದು ಕಾನೂನಿನ ಉಲ್ಲಂಘನೆಯೂ ಆಗಿರಲಿಲ್ಲ. ಆಗಿನ ಬ್ರಿಟಿಷ್ ನಿಯಮ 10,000 ಟನ್‌ಗಿಂತ ದೊಡ್ಡ ಹಡಗುಗಳನ್ನೆಲ್ಲ ಒಂದೇ ಲೆಕ್ಕಕ್ಕೆ ಸೇರಿಸಿತ್ತು. ಟೈಟಾನಿಕ್ 46,000 ಟನ್‌ನದು. ಇದ್ದ ದೋಣಿಗಳೂ ತುಂಬಲಿಲ್ಲ. 65 ಜನ ಹಿಡಿಯುವ ದೋಣಿಗಳಲ್ಲಿ ಕೆಲವು ಅರ್ಧವೂ ತುಂಬದೆ ನೀರಿಗಿಳಿದವು. ಹತ್ತಿರವೇ ಇದ್ದ ಇನ್ನೊಂದು ಹಡಗಿನ ರೇಡಿಯೊ ಆಪರೇಟರ್ ಕೆಲಸ ಮುಗಿಸಿ ಮಲಗಿದ್ದ.

ಎರಡೇ ವರ್ಷಕ್ಕೆ, 1914ರಲ್ಲಿ, ಕಡಲಲ್ಲಿ ಜೀವರಕ್ಷಣೆಯ ಮೊದಲ ಅಂತರರಾಷ್ಟ್ರೀಯ ಒಪ್ಪಂದ ಸಿದ್ಧವಾಯಿತು. ಇಂದಿನ ನಾವಿಕರ ಬಾಯಲ್ಲಿ ಅದು ‘ಸೋಲಾಸ್’. ಎಲ್ಲರಿಗೂ ದೋಣಿಯಲ್ಲಿ ಜಾಗ, ರೇಡಿಯೊ ಮೇಲೆ ಹಗಲಿರುಳು ನಿಗಾ ಅದರ ಮುಖ್ಯ ಅಂಶಗಳು. ಮೊದಲ ಮಹಾಯುದ್ಧ ಅದನ್ನು ಜಾರಿಯಾಗಲು ಬಿಡಲಿಲ್ಲ. 1929, 1948, 1960ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಈಗ ನಡೆಯುತ್ತಿರುವುದು 1974ರ ಒಪ್ಪಂದ. ತಿಂಗಳಿಗೊಮ್ಮೆ ಬೆಂಕಿ ನಂದಿಸುವ ಡ್ರಿಲ್, ಹಡಗು ತೊರೆಯುವ ಡ್ರಿಲ್ ಕಡ್ಡಾಯ. ಏಳು ಗಿಡ್ಡ ಸೀಟಿ, ಒಂದು ಉದ್ದ ಸೀಟಿ ಕೇಳಿದರೆ ನಿದ್ದೆಗಣ್ಣಲ್ಲೂ ಕೆಡೆಟ್ ತನ್ನ ಜಾಗಕ್ಕೆ ಓಡಬೇಕು, ಅಲ್ಲಿ ತನ್ನ ಕೆಲಸ ಯಾವುದೆಂದು ತಿಳಿದಿರಬೇಕು.

ಮನುಷ್ಯನ ಕಡೆಗೆ ತಿರುಗಿದ ಕಾನೂನು

ಹಡಗು ಚೆನ್ನಾಗಿದ್ದು, ಸಲಕರಣೆ ಪೂರ್ತಿಯಿದ್ದೂ ಅವಘಡ ನಡೆದರೆ? 1967ರ ಮಾರ್ಚ್‌ನಲ್ಲಿ ಟೋರಿ ಕ್ಯಾನ್ಯನ್ ಎಂಬ ತೈಲ ಹಡಗು ಇಂಗ್ಲೆಂಡಿನ ನೈರುತ್ಯ ತುದಿಯ ಬಂಡೆಗಳಿಗೆ ಹಗಲು ಹೊತ್ತಿನಲ್ಲೇ ಬಡಿಯಿತು. ಬಂದರಿನ ಭರತ ತಪ್ಪಿಹೋಗುತ್ತದೆಂಬ ಅವಸರದಲ್ಲಿ ಕ್ಯಾಪ್ಟನ್ ಹತ್ತಿರದ ದಾರಿ ಹಿಡಿದಿದ್ದರು. ಒಂದು ಲಕ್ಷ ಟನ್ನಿಗೂ ಮಿಕ್ಕಿದ ಕಚ್ಚಾತೈಲ ಹೊತ್ತಿದ್ದ ಹಡಗು ಅದು. ಕಡಲ ಮಾಲಿನ್ಯದ ಇಂದಿನ ಕಾನೂನುಗಳಲ್ಲಿ ಹಲವು ಹುಟ್ಟಿದ್ದು ಆ ಅವಘಡದಿಂದ. ನಾವಿಕರ ತರಬೇತಿಯ ಬಗ್ಗೆ ಗಂಭೀರ ಚರ್ಚೆಗೂ ಅದೇ ಕಾರಣ.

ಅಲ್ಲಿಯವರೆಗೆ ಆಫೀಸರ್ ಆಗಲು ಏನು ಕಲಿತಿರಬೇಕೆಂಬುದನ್ನು ಪ್ರತಿ ದೇಶವೂ ತನಗೆ ತೋಚಿದಂತೆ ನಿರ್ಧರಿಸುತ್ತಿತ್ತು. 1978ರ ಎಸ್‌ಟಿಸಿಡಬ್ಲ್ಯು ಒಪ್ಪಂದ ಎಲ್ಲ ದೇಶಗಳಿಗೂ ತರಬೇತಿಯ ಕನಿಷ್ಠ ಮಟ್ಟವನ್ನು ನಿಗದಿ ಮಾಡಿತು. 1995ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಇಷ್ಟು ತಿಂಗಳು ಹಡಗಿನಲ್ಲಿದ್ದೆ ಎಂದರೆ ಸಾಲದು, ಕೆಲಸ ಮಾಡಿ ತೋರಿಸಬೇಕೆಂದಿತು. ಕೆಡೆಟ್‌ಗಳ ಕೈಯಲ್ಲಿರುವ ಟ್ರೈನಿಂಗ್ ರೆಕಾರ್ಡ್ ಬುಕ್‌ಗೆ ತೂಕ ಬಂದಿದ್ದು ಹೀಗೆ. ಒಂದೊಂದು ಕೆಲಸವನ್ನೂ ಮಾಡಿ ತೋರಿಸಿ ಆಫೀಸರ್‌ನ ಸಹಿ ಪಡೆಯಬೇಕು. 2010ರಲ್ಲಿ ಮನಿಲಾದಲ್ಲಿ ಒಪ್ಪಿದ ತಿದ್ದುಪಡಿಗಳು ವಿಶ್ರಾಂತಿಯ ನಿಯಮವನ್ನು ಬಿಗಿ ಮಾಡಿದವು. ವಾಚ್ (ಪಾಳಿ ಕಾವಲು) ಮಾಡುವವರಿಗೆ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ 77 ಗಂಟೆ ಬಿಡುವು ಸಿಗಲೇಬೇಕು.

ತೆರೆದೇ ಉಳಿದ ಬಾಗಿಲು

1987ರ ಮಾರ್ಚ್ 6ರ ಸಂಜೆ ಬೆಲ್ಜಿಯಂನ ಜೀಬ್ರಗ್ ಬಂದರಿನಿಂದ ಹೊರಟ ‘ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್’ ಎಂಬ ಫೆರಿ ಹಡಗು ನಿಮಿಷಗಳಲ್ಲೇ ಮಗುಚಿತು. 193 ಜನ ಸತ್ತರು. ವಾಹನಗಳು ಒಳಹೋಗುವ ಮುಂಬಾಗಿಲು ತೆರೆದೇ ಇತ್ತು. ಅದನ್ನು ಮುಚ್ಚಬೇಕಾದ ನೌಕರ ತನ್ನ ಕೋಣೆಯಲ್ಲಿ ನಿದ್ದೆಹೋಗಿದ್ದ. ಮುಚ್ಚಿರಬಹುದೆಂದುಕೊಂಡು ಆಫೀಸರ್ ಬೇರೆ ಕೆಲಸಕ್ಕೆ ಹೋಗಿದ್ದರು. ಮುಚ್ಚಿದೆಯೆಂದೇ ನಂಬಿ ಕ್ಯಾಪ್ಟನ್ ಹಡಗು ಹೊರಡಿಸಿದರು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ತೋರಿಸುವ ದೀಪವನ್ನು ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಹಾಕಿಸಿಕೊಡಿ ಎಂದು ಆ ಕಂಪನಿಯ ಕ್ಯಾಪ್ಟನ್‌ಗಳು ಮೊದಲೇ ಕೇಳಿದ್ದರು. ಕಂಪನಿಯ ಕಚೇರಿ ಆ ಮಾತನ್ನು ಹಗುರವಾಗಿ ತಳ್ಳಿಹಾಕಿತ್ತು.

ವಿಚಾರಣೆ ನಡೆಸಿದ ನ್ಯಾಯಮೂರ್ತಿ ಶೀನ್, ನಿದ್ದೆಹೋದವನ ತಲೆಗೆ ಎಲ್ಲವನ್ನೂ ಕಟ್ಟಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಡೀ ಕಂಪನಿಯೇ ಅಸಡ್ಡೆಯ ರೋಗಕ್ಕೆ ತುತ್ತಾಗಿತ್ತೆಂದು ವರದಿ ಕೊಟ್ಟರು. ಅದರ ಫಲವೇ ಹಡಗುಗಳ ಸುರಕ್ಷತಾ ನಿರ್ವಹಣೆಯ ಅಂತರರಾಷ್ಟ್ರೀಯ ನಿಯಮಾವಳಿ, ಐಎಸ್‌ಎಂ ಕೋಡ್. 1998ರ ಜುಲೈ 1ರಿಂದ ಪ್ರಯಾಣಿಕರ ಹಡಗು, ತೈಲ ಹಡಗು, ಬಲ್ಕ್ ಕ್ಯಾರಿಯರ್‌ಗಳಿಗೆ, 2002ರಿಂದ ಉಳಿದ ಸರಕು ಹಡಗುಗಳಿಗೆ ಅದು ಜಾರಿಯಾಯಿತು. ಸುರಕ್ಷತೆಯ ಹೊಣೆ ಹೊತ್ತ ಒಬ್ಬ ಅಧಿಕಾರಿ ದಡದ ಕಚೇರಿಯಲ್ಲಿ ಇರಲೇಬೇಕು, ಕಂಪನಿಯ ಅತಿ ಮೇಲಿನವರ ಜೊತೆ ಅವರು ನೇರವಾಗಿ ಮಾತಾಡುವಂತಿರಬೇಕು. ಅವರ ಹೆಸರು, ಫೋನ್ ನಂಬರ್ ಹಡಗಿನ ಗೋಡೆಯ ಮೇಲಿರುತ್ತದೆ. ಕೆಡೆಟ್‌ ಕೂಡ ಅವರಿಗೆ ಫೋನ್ ಮಾಡಬಹುದು.

ಡಫರಿನ್‌ನಿಂದ ಶುರುವಾದ ದಾರಿ

ಬ್ರಿಟಿಷರ ಹಡಗುಗಳಲ್ಲಿ ಭಾರತೀಯರು ತಲೆಮಾರುಗಳಿಂದ ಲಸ್ಕರ್‌ಗಳೆಂಬ ಸಾಮಾನ್ಯ ನಾವಿಕರಾಗಿ, ಅವರ ಮೇಸ್ತ್ರಿಗಳಾದ ಸಾರಂಗರಾಗಿ ದುಡಿದರು. ಆಫೀಸರ್ ಆಗುವ ದಾರಿ ಮಾತ್ರ ಮುಚ್ಚಿದಂತೆಯೇ ಇತ್ತು. 1919ರ ಏಪ್ರಿಲ್ 5ರಂದು ಸಿಂಧಿಯಾ ಕಂಪನಿಯ ‘ಲಾಯಲ್ಟಿ’ ಮುಂಬೈಯಿಂದ ಲಂಡನ್‌ಗೆ ಹೊರಟಿತು. ಆ ದಿನವೇ ಈಗ ನಮ್ಮ ರಾಷ್ಟ್ರೀಯ ಕಡಲಯಾನ ದಿನ. ಹಡಗು ನಮ್ಮದಾದರೂ ಅದನ್ನು ನಡೆಸುವ ಆಫೀಸರ್‌ಗಳನ್ನು ಇಲ್ಲೇ ತಯಾರು ಮಾಡುವ ಶಾಲೆ ಇರಲಿಲ್ಲ. ಆ ಬೇಡಿಕೆಗೆ ಮಣಿದು 1927ರಲ್ಲಿ, ಅದುವರೆಗೆ ಸೈನಿಕರನ್ನು ಸಾಗಿಸುತ್ತಿದ್ದ ‘ಡಫರಿನ್’ ಹಡಗನ್ನು ಮುಂಬೈಯಲ್ಲಿ ತರಬೇತಿ ಹಡಗಾಗಿ ಮಾಡಲಾಯಿತು. 1972ರಲ್ಲಿ ಅದರ ಜಾಗಕ್ಕೆ ‘ರಾಜೇಂದ್ರ’ ಬಂತು. 1993ರಲ್ಲಿ ತರಬೇತಿ ನವಿ ಮುಂಬೈಯ ದಡದ ಮೇಲಿನ ‘ಚಾಣಕ್ಯ’ಕ್ಕೆ ಸಾಗಿತು. 2008ರಲ್ಲಿ ಸ್ಥಾಪನೆಯಾದ ಇಂಡಿಯನ್ ಮೆರಿಟೈಮ್ ಯೂನಿವರ್ಸಿಟಿಯ ಭಾಗ ಅದೀಗ. ಪಿಯುಸಿ ವಿಜ್ಞಾನ ಓದಿದವರು ಆ ಯೂನಿವರ್ಸಿಟಿಯ ಸಿಇಟಿ ಬರೆದು ಒಂದು ವರ್ಷದ ಡಿಪ್ಲೊಮಾಕ್ಕೋ ಮೂರು ವರ್ಷದ ಪದವಿಗೋ ಸೇರುತ್ತಾರೆ. ಡಿಪ್ಲೊಮಾದವರು ಆಮೇಲೆ 18 ತಿಂಗಳು ಕಡಲಲ್ಲಿ ದುಡಿದು ಸೆಕೆಂಡ್ ಮೇಟ್ ಪರೀಕ್ಷೆಗೆ ಕೂರುತ್ತಾರೆ.

ಹಡಗಿನಲ್ಲಿ ಕೆಡೆಟ್‌ಗಳ ಪಾಲಿಗೆ ಮೇಲಿಂದ ಮೇಲೆ ಬರುವ ಕೆಲಸ ಬಂದರಿನ ದಾರಿ ತೋರುವ ಪೈಲಟ್ ಏರಿಬರುವ ಹಗ್ಗದ ಏಣಿ ಇಳಿಬಿಡುವುದು. ಮೆಟ್ಟಿಲುಗಳ ನಡುವಿನ ಅಂತರ 310ರಿಂದ 350 ಮಿಲಿಮೀಟರ್ ಒಳಗಿರಬೇಕು, ಮೆಟ್ಟಿಲು ಓರೆಯಾಗಬಾರದು, ಹಗ್ಗಕ್ಕೆ ಬಣ್ಣ, ಗ್ರೀಸ್ ತಾಗಬಾರದು. 2015ರ ಜೂನ್‌ನಲ್ಲಿ ಬಂಗಾಳ ಕೊಲ್ಲಿಯ ಬಿರುಗಾಳಿಯಲ್ಲಿ ಕ್ಯಾಪ್ಟನ್ ರಾಧಿಕಾ ಮೆನನ್ ತಮ್ಮ ‘ಸಂಪೂರ್ಣ ಸ್ವರಾಜ್ಯ’ ಹಡಗಿನಿಂದ ಇಳಿಬಿಡಿಸಿದ್ದು ಇಂಥದೇ ಏಣಿ. ಇಂಜಿನ್ ಕೆಟ್ಟು ತೇಲುತ್ತಿದ್ದ ದೋಣಿಯ ಏಳು ಮೀನುಗಾರರು ಬದುಕಿದರು. ಕಡಲಲ್ಲಿ ತೋರಿದ ಶೌರ್ಯಕ್ಕಾಗಿ ಅಂತರರಾಷ್ಟ್ರೀಯ ಪ್ರಶಸ್ತಿ ಪಡೆದ ಮೊದಲ ಮಹಿಳೆ ಅವರು.

ಟ್ಯಾಂಕಿನ ಬಾಯಲ್ಲಿ ನಿಂತವರು

ಕೆಡೆಟ್ ಕಲಿಯುವ ಅತಿ ಕಷ್ಟದ ಪಾಠದಲ್ಲಿ ಮೈಗೆ ಯಾವ ಶ್ರಮವೂ ಇಲ್ಲ. ಬಹುಕಾಲ ಮುಚ್ಚಿಟ್ಟ ಟ್ಯಾಂಕಿನೊಳಗೆ ಕಬ್ಬಿಣ ತುಕ್ಕು ಹಿಡಿಯುತ್ತಾ ಗಾಳಿಯಲ್ಲಿನ ಆಮ್ಲಜನಕವನ್ನು ನುಂಗಿರುತ್ತದೆ. ಕಲ್ಲಿದ್ದಲು, ಮರದ ದಿಮ್ಮಿ ತುಂಬಿದ ಹೋಲ್ಡ್‌ನಲ್ಲೂ ಹೀಗೇ. ವಾಸನೆ ಬರುವುದಿಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ, ಒಳಗೆ ಹೋದವರು ಕುಸಿದು ಬೀಳುತ್ತಾರೆ. ಆದ್ದರಿಂದ ಗಾಳಿಯಾಡಿಸಿ, ಮೇಲೆ, ನಡುವೆ, ತಳದಲ್ಲಿ ಗ್ಯಾಸ್ ಮೀಟರ್ ಇಳಿಸಿ, ಆಮ್ಲಜನಕ ಶೇ 21ರ ಆಸುಪಾಸಿನಲ್ಲಿದೆ ಎಂದು ಖಚಿತವಾಗಿ, ಪರ್ಮಿಟ್‌ಗೆ ಸಹಿ ಬಿದ್ದ ಮೇಲೆಯೇ ಒಳಗೆ ಕಾಲಿಡಬೇಕು. ಟ್ಯಾಂಕಿನ ಬಾಯಿಯ ಬಳಿ ವಾಕಿಟಾಕಿ ಹಿಡಿದು ಕಾಯಲು ಹಲವು ಸಲ ನಿಲ್ಲುವವರು ಕೆಡೆಟ್. ಒಳಗಿದ್ದವರು ಬಿದ್ದರೆ ಅವರು ಅಲಾರಂ ಒತ್ತಬೇಕು. ಒಳಗೆ ಧುಮುಕಲೇಬಾರದು. ಇಂಥ ಅವಘಡಗಳಲ್ಲಿ ಬಿದ್ದವರನ್ನು ಎಳೆಯಲು ಇಳಿದು ಸತ್ತವರೇ ಅನೇಕರು. 2015ರ ಜನವರಿಯಿಂದ ಎರಡು ತಿಂಗಳಿಗೊಮ್ಮೆ ಇದರ ಡ್ರಿಲ್ ಕಡ್ಡಾಯವಾಗಿದೆ. ಕಣ್ಣೆದುರೇ ಗೆಳೆಯ ಬಿದ್ದಾಗ ನಿಂತಲ್ಲೇ ನಿಲ್ಲುವುದು ಅಭ್ಯಾಸವಿಲ್ಲದೆ ಸಾಧ್ಯವಿಲ್ಲ.

ಅದಕ್ಕಿಂತ ಮೊದಲಿನ ಹೆಜ್ಜೆ ಇನ್ನೂ ಮುಖ್ಯ. ಮೀಟರ್ ಇಳಿಸದೆ ಒಳಗಿಳಿಯಲು ಹೊರಟ ಹಿರಿಯರನ್ನು ‘ಸರ್, ಪರ್ಮಿಟ್ ಆಗಿಲ್ಲ’ ಎಂದು ತಡೆಯುವ ಹೆಜ್ಜೆ. ಕಾಗದದ ಮೇಲೆ ಇಂದು ಬಹುತೇಕ ಕಂಪನಿಗಳು ಕೆಲಸ ನಿಲ್ಲಿಸುವ ಅಧಿಕಾರವನ್ನು ಎಲ್ಲರಿಗೂ ಕೊಟ್ಟಿವೆ. ಆದರೆ ಹಡಗು ಅಂತಸ್ತಿನ ಜಗತ್ತು. ಕೆಡೆಟ್‌ನ ರೆಕಾರ್ಡ್ ಬುಕ್‌ಗೆ ಬೀಳಬೇಕಾದ ಸಹಿಯೂ, ಮುಂದಿನ ಕೆಲಸವೂ ಅದೇ ಹಿರಿಯರ ಕೈಯಲ್ಲಿರುತ್ತದೆ. ವಿಶ್ರಾಂತಿಯ ಲೆಕ್ಕವನ್ನು ಸುಳ್ಳು ಬರೆಯಲು ಹೇಳಿದರೆ ಎದುರಾಡುವುದು ಸುಲಭವಲ್ಲ. ಕಿರಿಯರು ಪ್ರಶ್ನೆ ಕೇಳಿದಾಗ ಗದರದೆ ಉತ್ತರಿಸುವ ಕ್ಯಾಪ್ಟನ್ ಇರುವ ಹಡಗೇ ಸುರಕ್ಷಿತ ಹಡಗು. ಬಾಕಿ ನಿಯಮಗಳೆಲ್ಲ ಇದರ ಮೇಲೆ ನಿಂತಿವೆ.

ಕಡಲಿನ ಅಪಾಯ ಹಳೆಯ ಕಾಲಕ್ಕೆ ಮುಗಿದ ಕತೆಯಲ್ಲ. 2025ರ ಜೂನ್‌ನಲ್ಲಿ ಕೇರಳದ ಆಚೆ ‘ವಾನ್ ಹೈ 503’ ಕಂಟೇನರ್ ಹಡಗಿಗೆ ಬೆಂಕಿ ಬಿದ್ದಾಗ, ಅದರ 22 ಸಿಬ್ಬಂದಿಯಲ್ಲಿ ಪಾರಾದ 18 ಮಂದಿಯನ್ನು ಕರೆತಂದಿದ್ದು ನವ ಮಂಗಳೂರು ಬಂದರಿಗೆ. ನಾಲ್ವರು ನಾಪತ್ತೆಯಾದರು.

ಜಗತ್ತಿಗೆ ಅತಿ ಹೆಚ್ಚು ನಾವಿಕರನ್ನು ಕೊಡುವ ದೇಶಗಳಲ್ಲಿ ನಮ್ಮದೂ ಒಂದು. ಮಕ್ಕಳನ್ನು ಈ ದಾರಿಗೆ ಕಳುಹಿಸುವ ತಂದೆತಾಯಂದಿರು ಸಂಬಳದ ಜೊತೆಗೆ ಇನ್ನೂ ಎರಡು ವಿಷಯ ವಿಚಾರಿಸಲಿ. ಸೇರುವ ಕಾಲೇಜಿಗೆ ಡೈರೆಕ್ಟರೇಟ್ ಜನರಲ್ ಆಫ್ ಶಿಪ್ಪಿಂಗ್‌ನ ಮಾನ್ಯತೆ ಇದೆಯೇ, ಹಡಗಿಗೆ ಕಳುಹಿಸುವ ಏಜೆನ್ಸಿಗೆ ಅದರ ಲೈಸೆನ್ಸ್ ಇದೆಯೇ ಎಂದು ಆ ಇಲಾಖೆಯ ಜಾಲತಾಣದಲ್ಲೇ ನೋಡಬಹುದು. ಕೆಲಸ ಕೊಡಿಸಲು ನಾವಿಕನಿಂದ ದುಡ್ಡು ಕೇಳುವುದು ನಿಯಮಕ್ಕೆ ವಿರುದ್ಧ. ಕೇಳಿದವರ ಬಾಗಿಲಿನಿಂದಲೇ ಹಿಂತಿರುಗಿ ಬನ್ನಿ. ಕಲಿಯದೆ ಕೊಂಡ ಸರ್ಟಿಫಿಕೇಟ್ ಕಡಲಲ್ಲಿ ಯಾರ ಜೀವವನ್ನೂ ಉಳಿಸುವುದಿಲ್ಲ.